ಟೆಸ್ಟರಿನಲ್ಲಿ ಎಂಟೂ ಲೈಟ್ ಉರಿಯುತ್ತದೆ, ನೆಟ್ ಮಾತ್ರ ಓಡುವುದಿಲ್ಲ!

ಪ್ರಶ್ನೆ: ಸರ್, ನಾನು ಕಾಸರಗೋಡು ಜಿಲ್ಲೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ಈ ಸಲ ನೆಟ್‌ವರ್ಕ್ ಪೇಪರ್ ನನ್ನ ತಲೆಗೆ ಬಂದಿದೆ. ಓಎಸ್‌ಐ ಏಳು ಲೇಯರ್ (ನೆಟ್‌ವರ್ಕಿನ ಕೆಲಸವನ್ನು ಏಳು ಹಂತವಾಗಿ ವಿಂಗಡಿಸುವ ಮಾದರಿ) ಮುಗಿಯುವಷ್ಟರಲ್ಲಿ ಅರ್ಧ ಕ್ಲಾಸ್ ಕಿಟಕಿಯ ಹೊರಗೆ ನೋಡುತ್ತಿರುತ್ತದೆ. ಕೆಲವರು ಕನ್ನಡ ಮೀಡಿಯಂನಿಂದ ಬಂದವರು, ಉಳಿದವರು ಮಲಯಾಳಂ, ಪರೀಕ್ಷೆ ಇಂಗ್ಲಿಷಿನಲ್ಲಿ. ಲ್ಯಾನ್ (ಹತ್ತಿರದ ಕಂಪ್ಯೂಟರುಗಳನ್ನು ಜೋಡಿಸುವ ನೆಟ್‌ವರ್ಕ್) ಪಾಠವನ್ನು ಎಲ್ಲಿಂದ ಶುರು ಮಾಡಲಿ? ಕನ್ನಡದಲ್ಲಿ ಹೇಳಿಕೊಟ್ಟರೆ ತಪ್ಪಾ? ಲ್ಯಾಬಿನಲ್ಲಿ ಇರುವುದು ಹಳೇ ಕಂಪ್ಯೂಟರುಗಳು, ಎಂಟು ಪೋರ್ಟಿನ ಎರಡು ಸ್ವಿಚ್, ಅಷ್ಟೇ.
— ಉಪನ್ಯಾಸಕಿ, ಬದಿಯಡ್ಕ

ಉತ್ತರ: ಮೇಡಂ, ಅಷ್ಟು ಸಾಮಾನು ಧಾರಾಳ ಸಾಕು. ಏಳು ಲೇಯರನ್ನು ಸದ್ಯಕ್ಕೆ ಬದಿಗಿಡಿ. ಮೊದಲ ದಿನವೇ ಕೈಗೆ ಕೇಬಲ್ ಮತ್ತು ಕ್ರಿಂಪರ್ (ತಂತಿಗೆ ಪ್ಲಗ್ ಒತ್ತಿ ಕೂರಿಸುವ ಇಕ್ಕಳ) ಕೊಡಿ, ಬಣ್ಣದ ಕ್ರಮ ಮಾತ್ರ ಹೇಳಬೇಡಿ. ಎರಡೂ ತುದಿ ಒಂದೇ ತರ ಇರಲಿ ಅಂತಷ್ಟೇ ಹೇಳಿ.

ಏನಾಗುತ್ತದೆ ನೋಡಿ. ಹತ್ತರಲ್ಲಿ ಏಳೆಂಟು ಮಂದಿ ಚಂದಕ್ಕೆ ಜೋಡಿ ಜೋಡಿಯಾಗಿ ಇಡುತ್ತಾರೆ: ಬಿಳಿ-ಆರೆಂಜ್, ಆರೆಂಜ್, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಬ್ರೌನ್, ಬ್ರೌನ್. ಟೆಸ್ಟರಿಗೆ ಸಿಕ್ಕಿಸಿದರೆ ಒಂದರಿಂದ ಎಂಟರವರೆಗೆ ಲೈಟ್ ಸಾಲಾಗಿ ಉರಿಯುತ್ತದೆ. ಖುಷಿಯೋ ಖುಷಿ. ಒಂದು ಮೀಟರ್ ತುಂಡಾದರೆ ಕೆಲಸವೂ ಮಾಡೀತು. ಅದೇ ಕ್ರಮದಲ್ಲಿ ಮೂವತ್ತು ಮೀಟರ್ ಎಳೆದು ಒಂದು ದೊಡ್ಡ ಫೈಲ್ ಕಾಪಿ ಹಾಕಿಸಿ. ಆಮೆ ಓಟ, ಇಲ್ಲವೇ ಲಿಂಕ್ ಬರುತ್ತದೆ ಹೋಗುತ್ತದೆ. ಈಗ ಕೇಳಿ, ಎಂಟೂ ತಂತಿ ಸರಿಯಾಗಿ ಮುಟ್ಟಿರುವಾಗ ಇದೇನು ಹೀಗೆ?

ಇಲ್ಲಿಂದ ಪಾಠ ತಾನಾಗಿ ಶುರುವಾಗುತ್ತದೆ. 100 ಎಂಬಿಪಿಎಸ್ ಇಥರ್ನೆಟ್ (ಲ್ಯಾನ್ ಕೇಬಲಿನಲ್ಲಿ ಮಾಹಿತಿ ಕಳಿಸುವ ಪದ್ಧತಿ) ಬಳಸುವುದು 1, 2, 3, 6ನೇ ಪಿನ್ನುಗಳನ್ನು. 1-2 ಒಂದು ಜೋಡಿ, 3-6 ಇನ್ನೊಂದು. ಒಂದು ಜೋಡಿಯ ಎರಡು ತಂತಿಗಳಲ್ಲಿ ಒಂದೇ ಸಿಗ್ನಲ್ ಉಲ್ಟಾ-ಸುಲ್ಟಾ ಹೋಗುತ್ತದೆ. ಹೊರಗಿನ ಗಲಾಟೆ ಎರಡಕ್ಕೂ ಸರಿಸುಮಾರು ಒಂದೇ ರೀತಿ ತಾಗುತ್ತದೆ, ಆ ಕಡೆ ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಗಲಾಟೆ ಹೋಗಿ ಸಿಗ್ನಲ್ ಉಳಿಯುತ್ತದೆ. ಆದರೆ ಎರಡು ತಂತಿ ಒಂದಕ್ಕೊಂದು ಹೊಸೆದುಕೊಂಡಿದ್ದರೆ ಮಾತ್ರ. ನಮ್ಮ ಹುಡುಗರ ಚಂದದ ಕ್ರಮದಲ್ಲಿ 3ನೇ ಪಿನ್ನಿಗೆ ಬಿಳಿ-ಹಸಿರು, 6ನೇ ಪಿನ್ನಿಗೆ ನೀಲಿ ಬಂತು. ಬೇರೆ ಬೇರೆ ಜೋಡಿಯ ತಂತಿ! ಟೆಸ್ಟರಿಗೆ ಇದು ಗೊತ್ತಾಗುವುದಿಲ್ಲ, ಅದು ನೋಡುವುದು ತಂತಿ ಮುಟ್ಟಿದೆಯಾ ಅಂತ ಮಾತ್ರ. ಹಾಗಾಗಿಯೇ ಸರಿಯಾದ ಕ್ರಮದಲ್ಲಿ ಬಿಳಿ-ಹಸಿರು 3ಕ್ಕೆ, ನೀಲಿ ಜೋಡಿ ನಡುವೆ 4 ಮತ್ತು 5ಕ್ಕೆ, ಹಸಿರು 6ಕ್ಕೆ. ಇಷ್ಟು ಕಂಡ ಹುಡುಗನಿಗೆ ಫಿಸಿಕಲ್ ಲೇಯರ್ (ಏಳರಲ್ಲಿ ಮೊದಲನೆಯದು, ತಂತಿ-ಸಿಗ್ನಲಿನದು) ಬಾಯಿಪಾಠ ಮಾಡಿಸಬೇಕಾ?

ಎರಡನೇ ವಾರ ಎರಡೇ ಕಂಪ್ಯೂಟರ್, ಒಂದು ಸ್ವಿಚ್, ಇಂಟರ್ನೆಟ್ ಬೇಡ. 192.168.10.1 ಮತ್ತು 192.168.10.2 ಅಂತ ಕೈಯಲ್ಲೇ ಐಪಿ ಕೊಡಿ, ವೈರ್‌ಶಾರ್ಕ್ (ತಂತಿಯಲ್ಲಿ ಓಡಾಡುವುದನ್ನು ತೋರಿಸುವ ಸಾಫ್ಟ್‌ವೇರ್) ತೆರೆದಿಟ್ಟು ಪಿಂಗ್ ('ಇದ್ದೀಯಾ?' ಎಂದು ಕೇಳುವ ಕಮಾಂಡ್) ಹೊಡೆಸಿ. ಪಿಂಗಿಗಿಂತ ಮೊದಲು ಇನ್ನೊಂದು ಸಾಲು ಕಾಣುತ್ತದೆ, ಎಆರ್‌ಪಿ: '192.168.10.2 ಯಾರ ಹತ್ತಿರ ಇದೆ? 192.168.10.1ಕ್ಕೆ ಹೇಳಿ.' ಕಾಸರಗೋಡು ಬಸ್ ಸ್ಟ್ಯಾಂಡಿನಲ್ಲಿ ನಿಂತು 'ಪೆರ್ಲದ ಬಸ್ ಯಾವುದು?' ಎಂದು ಕೂಗಿದ ಹಾಗೆ. ಕೇಳಿಸುವುದು ಎಲ್ಲರಿಗೂ, ಉತ್ತರ ಕೊಡುವುದು ಪೆರ್ಲದ ಕಂಡಕ್ಟರ್ ಒಬ್ಬರೇ. ಒಮ್ಮೆ ಗೊತ್ತಾದ ಮೇಲೆ ಸ್ವಲ್ಪ ಹೊತ್ತು ಮತ್ತೆ ಕೂಗಬೇಕಾಗಿಲ್ಲ. ಆಮೇಲೆ ಮೂರನೇ ಕಂಪ್ಯೂಟರಿಗೆ ಸುಮ್ನೆ 192.168.11.3 ಕೊಟ್ಟುಬಿಡಿ, ಮಾಸ್ಕ್ ಮೂರರಲ್ಲೂ 255.255.255.0 ಇರಲಿ (ಐಪಿಯ ಮೊದಲ ಮೂರು ಸಂಖ್ಯೆ ಒಂದೇ ಆದವರು ಮಾತ್ರ ಒಂದೇ ಗುಂಪು ಅಂತ ಅರ್ಥ). ಕೇಬಲ್ ಸರಿ, ಲೈಟ್ ಸರಿ, ಪಿಂಗ್ ಇಲ್ಲ. ಸಬ್‌ನೆಟ್ ಅಂದರೇನು ಅಂತ ಅವರೇ ಬಂದು ಕೇಳುತ್ತಾರೆ.

ಇನ್ನೊಂದಿದೆ, ಸ್ವಲ್ಪ ಪೋಕರಿ ಕೆಲಸ. ಲ್ಯಾಬಿನ ಸ್ವಿಚ್ಚನ್ನು ಕಾಲೇಜಿನ ನೆಟ್‌ವರ್ಕಿನಿಂದ ಪೂರ್ತಿ ಬಿಡಿಸಿ (ದಯವಿಟ್ಟು ಇದನ್ನು ಮರೆಯಬೇಡಿ!), ಒಂದೇ ಕೇಬಲಿನ ಎರಡೂ ತುದಿಯನ್ನು ಅದೇ ಸ್ವಿಚ್ಚಿಗೆ ಹಾಕಿಸಿ. ಸಾದಾ ಅಗ್ಗದ ಸ್ವಿಚ್ ಆದರೆ ಮುಂದಿನ ಬ್ರಾಡ್‌ಕಾಸ್ಟ್ (ಎಲ್ಲರಿಗೂ ಕೇಳಿಸುವ ಕೂಗು) ಬಂದ ಕೂಡಲೇ ಲೈಟೆಲ್ಲ ಹುಚ್ಚು ಹಿಡಿದ ಹಾಗೆ ಮಿನುಗುತ್ತವೆ. ಐಪಿ ಪ್ಯಾಕೆಟಿಗೆ ಆಯುಷ್ಯ ಇದೆ, ಟಿಟಿಎಲ್ ಸೊನ್ನೆಯಾದರೆ ಸಾಯುತ್ತದೆ. ಅದನ್ನು ಹೊತ್ತೊಯ್ಯುವ ಇಥರ್ನೆಟ್ ಫ್ರೇಮಿಗೆ ಅದಿಲ್ಲ, ಸುತ್ತುತ್ತಲೇ ಇರುತ್ತದೆ. ನಾನು ಹಿಂದೆ ಇದ್ದ ಒಂದು ಆಫೀಸಿನಲ್ಲಿ ಯಾರೋ ಪುಣ್ಯಾತ್ಮರು ನೇತಾಡುತ್ತಿದ್ದ ತಂತಿಯನ್ನು ಕಂಡು ಪಾಪ ಅಂತ ಖಾಲಿ ಪೋರ್ಟಿಗೆ ಸಿಕ್ಕಿಸಿ ಹೋಗಿದ್ದರು, ಮಧ್ಯಾಹ್ನದವರೆಗೆ ಇಡೀ ಕಟ್ಟಡಕ್ಕೆ ನೆಟ್ ಇಲ್ಲ, ನಾವು ಸರ್ವರ್ ಬಿಚ್ಚಿ ಕೂತಿದ್ದೆವು. ಈ ಸುತ್ತನ್ನು ತಪ್ಪಿಸುವ ಸ್ಪ್ಯಾನಿಂಗ್ ಟ್ರೀಯನ್ನು ರಾಡಿಯಾ ಪರ್ಲ್‌ಮನ್ ಎಂಬವರು 1985ರಲ್ಲಿ ರೂಪಿಸಿದರು. ಮಿನುಗಾಟ ನೋಡಿದ ಮೇಲೆ ಆ ಹೆಸರು ಹೇಳಿ, ಮೊದಲಲ್ಲ.

ಪ್ಯಾಕೆಟ್ ಟ್ರೇಸರ್ (ಪರದೆಯ ಮೇಲೇ ನೆಟ್‌ವರ್ಕ್ ಕಟ್ಟಿ ನೋಡುವ ಸಾಫ್ಟ್‌ವೇರ್) ಬೇಡವೇ ಬೇಡ ಅನ್ನುವುದಿಲ್ಲ. ಇಪ್ಪತ್ತು ಸ್ವಿಚ್ಚಿನ ನೆಟ್‌ವರ್ಕ್ ಬೇರೆಲ್ಲಿ ಕಟ್ಟುವುದು? ಆದರೆ ಅದರಲ್ಲಿ ಕ್ರಿಂಪ್ ಸಡಿಲ ಆಗುವುದಿಲ್ಲ, ಅದೇ ಅದರ ಕೊರತೆ.

ಭಾಷೆಯ ವಿಷಯ. ತಪ್ಪೇನಿಲ್ಲ, ಧಾರಾಳ ಕನ್ನಡದಲ್ಲಿ ಹೇಳಿ, ಮಲಯಾಳಂ ಬಂದರೆ ಅದರಲ್ಲೂ ಹೇಳಿ. ಫ್ರೇಮ್, ಸ್ವಿಚ್, ಪೋರ್ಟ್ ಎಲ್ಲ ಹಾಗೇ ಇರಲಿ. 'ಸ್ಥಳೀಯ ಪ್ರದೇಶ ಜಾಲ' ಅಂತ ಬೋರ್ಡಿನಲ್ಲಿ ಬರೆದರೆ ಕನ್ನಡದ ಹುಡುಗರೇ ಮೊದಲು ನಗುತ್ತಾರೆ. ಇಲ್ಲಿನ ಸರಕಾರಿ ಶಾಲೆಯ ಮಕ್ಕಳು ಹೈಸ್ಕೂಲಿನಲ್ಲೇ ಲಿನಕ್ಸ್ ಮುಟ್ಟಿದವರು, ಕಮಾಂಡ್ ಕಂಡು ಹೆದರುವುದಿಲ್ಲ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಹೆದರುತ್ತಾರೆ, ಅಷ್ಟೇ.

ಪ್ರಶ್ನೆ: ಈಗ ಎಲ್ಲ ಕಡೆ ಸ್ವಿಚ್ ಇದೆಯಲ್ಲ ಸರ್, ಕೊಲಿಷನ್ನೇ (ಸಿಗ್ನಲುಗಳ ಡಿಕ್ಕಿ) ಇಲ್ಲ. ಮತ್ತೆ ಡಿಕ್ಕಿ ಪತ್ತೆ ಮಾಡುವ ನಿಯಮ ಸಿಎಸ್‌ಎಂಎ-ಸಿಡಿ ಯಾಕೆ ಓದಬೇಕು?
— ಬಿಟೆಕ್ ವಿದ್ಯಾರ್ಥಿ, ಕುಂಬಳೆ

ಉತ್ತರ: ನಿಮ್ಮ ಸಿಟ್ಟು ನ್ಯಾಯವೇ. ಸ್ವಿಚ್, ಫುಲ್ ಡ್ಯುಪ್ಲೆಕ್ಸ್ (ಎರಡೂ ಕಡೆಯಿಂದ ಒಟ್ಟಿಗೆ ಕಳಿಸುವ ವ್ಯವಸ್ಥೆ) ಇದ್ದಲ್ಲಿ ಡಿಕ್ಕಿ ಇಲ್ಲ. 1973ರಲ್ಲಿ ಜೆರಾಕ್ಸ್ ಕಂಪನಿಯ ಲ್ಯಾಬಿನಲ್ಲಿ ಬಾಬ್ ಮೆಟ್‌ಕಾಫ್ ಇಥರ್ನೆಟ್ ಯೋಚಿಸಿದಾಗ ಎಲ್ಲರಿಗೂ ಒಂದೇ ಕೇಬಲ್. ತಾಳಮದ್ದಳೆಯಲ್ಲಿ ಇಬ್ಬರು ಅರ್ಥಧಾರಿಗಳು ಒಟ್ಟಿಗೆ ಬಾಯಿ ತೆರೆದರೆ ಇಬ್ಬರೂ ನಿಲ್ಲಿಸಿ, ಒಬ್ಬರು ಮೊದಲು ಶುರು ಮಾಡುತ್ತಾರಲ್ವಾ, ಅದೇ ಇದು (ನಿಲ್ಲಿಸದ ಅರ್ಥಧಾರಿಗಳೂ ಇದ್ದಾರೆ, ಆ ಮಾತು ಬೇರೆ). ಕುಂಬಳೆಯವರಿಗೆ ಇದನ್ನು ನಾನು ಹೇಳಿಕೊಡಬೇಕಾ?

ಆದರೂ ಓದಿ. ಇವತ್ತಿಗೂ ಇಥರ್ನೆಟ್ ಫ್ರೇಮ್ ಕನಿಷ್ಠ 64 ಬೈಟ್ ಇರಬೇಕು. ಯಾಕೆ 64? ಅಂದರೆ 512 ಬಿಟ್, 10 ಎಂಬಿಪಿಎಸ್ ವೇಗದಲ್ಲಿ 51.2 ಮೈಕ್ರೋಸೆಕೆಂಡ್. ಕೇಬಲಿನ ಆ ಕೊನೆಯಲ್ಲಿ ಆದ ಡಿಕ್ಕಿಯ ಸುದ್ದಿ ವಾಪಸ್ ಬರುವವರೆಗೆ ಕಳಿಸುವವನು ಇನ್ನೂ ಕಳಿಸುತ್ತಲೇ ಇರಬೇಕು, ಇಲ್ಲದಿದ್ದರೆ ಡಿಕ್ಕಿ ಆದದ್ದೇ ಅವನಿಗೆ ತಿಳಿಯುವುದಿಲ್ಲ. ಡಿಕ್ಕಿ ಹೋಯಿತು, 64 ಉಳಿಯಿತು. ನಿಮ್ಮ ಹಾಸ್ಟೆಲಿನ ವೈಫೈಯಲ್ಲಂತೂ ಈಗಲೂ ಗಾಳಿ ಎಲ್ಲರಿಗೂ ಒಂದೇ. ಅಲ್ಲಿ ಡಿಕ್ಕಿ ಆದ ಮೇಲೆ ಪತ್ತೆ ಮಾಡುವುದು ಕಷ್ಟ, ಆದ್ದರಿಂದ ಮೊದಲೇ ತಪ್ಪಿಸಿಕೊಳ್ಳುವ ಲೆಕ್ಕಾಚಾರ, ಸಿಎಸ್‌ಎಂಎ-ಸಿಎ.

ಪ್ರಶ್ನೆ: ನಮ್ಮ ಲ್ಯಾಬಿನಿಂದ ಪಕ್ಕದ ಕಟ್ಟಡಕ್ಕೆ ಕ್ಯಾಟ್-6 ಕೇಬಲ್ ಮೇಲಿಂದ ಎಳೆದಿದ್ದೇವೆ, ಸುಮಾರು 60 ಮೀಟರ್. 100 ಮೀಟರ್ ಮಿತಿಯೊಳಗೇ ಇದೆ. ಆದರೂ ತುಲಾ ತಿಂಗಳು (ಅಕ್ಟೋಬರ್-ನವೆಂಬರ್) ಬಂದರೆ ಸ್ವಿಚ್ ಸುಡುತ್ತದೆ. ಕಂಪನಿ ಬದಲಿಸಿದರೂ ಅದೇ ಕಥೆ.
— ಲ್ಯಾಬ್ ಇನ್‌ಸ್ಟ್ರಕ್ಟರ್, ಮುಳ್ಳೇರಿಯ

ಉತ್ತರ: ಕಂಪನಿಯ ತಪ್ಪಲ್ಲ ಮಾರಾಯ್ರೆ, ಸಿಡಿಲು. ನೇರ ಬಡಿಯಬೇಕೆಂದೇನಿಲ್ಲ, ಹತ್ತಿರದ ತೋಟಕ್ಕೆ ಬಿದ್ದರೂ ಆ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಏರುತ್ತದೆ. ಪೋರ್ಟಿನ ಹಿಂದಿರುವ ಚಿಕ್ಕ ಟ್ರಾನ್ಸ್‌ಫಾರ್ಮರ್ ತಡೆಯುವುದು 1500 ವೋಲ್ಟ್ ಲೆಕ್ಕದಲ್ಲಿ. ಸಿಡಿಲಿಗೆ ಅದು ಯಾವ ಮೂಲೆಗೆ? ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆಯಿರಿ, ಎರಡೂ ಕಡೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ತಾಮ್ರದ ಸಿಗ್ನಲಿಗೆ ಬದಲಿಸುವ ಪೆಟ್ಟಿಗೆ) ಇಡಿ. ಫೈಬರ್ ಕೊಳ್ಳುವಾಗ ಒಳಗೆ ಕಬ್ಬಿಣದ ತಂತಿ ಇಲ್ಲದ್ದನ್ನೇ ಕೇಳಿ, ಇಲ್ಲದಿದ್ದರೆ ಸಿಡಿಲಿಗೆ ಮತ್ತೆ ದಾರಿ ಮಾಡಿಕೊಟ್ಟ ಹಾಗೆ. ಅಲ್ಲಿಯವರೆಗೆ ಮಧ್ಯಾಹ್ನ ಮೋಡ ಕಪ್ಪಾಗಿ ಗುಡುಗು ಶುರುವಾಗುವ ಮೊದಲೇ ಆ ಕೇಬಲನ್ನು ಎರಡೂ ಕಡೆ ಕಿತ್ತಿಡಿ, ಪವರ್ ಪ್ಲಗ್ಗನ್ನೂ. ಗುಡುಗುತ್ತಿರುವಾಗ ಮುಟ್ಟಬೇಡಿ.

ಸುಟ್ಟ ಸ್ವಿಚ್ಚುಗಳನ್ನು ಗುಜರಿಗೆ ಕೊಟ್ಟಿಲ್ಲ ತಾನೇ? ಒಂದೆರಡು ಇದ್ದರೆ ಮುಚ್ಚಳ ಬಿಚ್ಚಿ ಹುಡುಗರ ಮುಂದಿಡಿ, ಯಾವ ಪೋರ್ಟಿನ ಹಿಂದೆ ಕಪ್ಪಾಗಿದೆ ಅಂತ ಅವರೇ ಹುಡುಕಲಿ. ಹಾಗೇ ಬದಿಯಡ್ಕದ ಮೇಡಂಗೂ ಒಂದು ಕಳಿಸಿಕೊಡಿ.