ಹೊಳೆ ಇಳಿದ ಮೇಲೆ ದಡ ಕುಸಿಯುವುದೇಕೆ?

ಪ್ರಶ್ನೆ: ಸಕಲೇಶಪುರದ ಹತ್ತಿರ ಹೇಮಾವತಿ ತಿರುಗುವ ಕಡೆ ನಮ್ಮ ತೋಟವಿದೆ. ಪ್ರತಿ ಮಳೆಗಾಲವೂ ನಮ್ಮ ದಡ ಕೊರೆದುಹೋಗುತ್ತದೆ, ಎದುರು ದಡದಲ್ಲಿ ಮರಳು ಸೇರುತ್ತದೆ. ಕಳೆದ ವರ್ಷ ಹೊಳೆ ತುಂಬಿ ಹರಿಯುವಾಗ ನಿಂತಿದ್ದ ದಡ, ನೀರು ಇಳಿದ ಮೇಲೆ ಕಾಫಿ ಗಿಡಗಳ ಸಮೇತ ಕುಸಿಯಿತು. ಇದೇಕೆ? ಕಲ್ಲು ಕಟ್ಟಿಸಿದರೆ ನಿಲ್ಲುತ್ತದೆಯೇ?
– ಕಾಫಿ ಬೆಳೆಗಾರರು, ಸಕಲೇಶಪುರ ತಾಲ್ಲೂಕು

ಉತ್ತರ: ನೀವು ಬಹಳ ಸೂಕ್ಷ್ಮವಾಗಿ ಗಮನಿಸಿದ್ದೀರಿ. ತುಂಬು ಹೊಳೆಯಲ್ಲಿ ದಡದ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಆಗ ಹೊಳೆಯ ನೀರೇ ಎದುರಿನಿಂದ ಒತ್ತಿ ಅದನ್ನು ಹಿಡಿದಿಟ್ಟಿರುತ್ತದೆ. ಮಳೆ ಬಿಟ್ಟು ಹೊಳೆ ಬೇಗನೆ ಇಳಿದಾಗ ಆ ಆಸರೆ ಹೋಗುತ್ತದೆ. ಮಣ್ಣಿನೊಳಗಿನ ನೀರು ಮಾತ್ರ ಅಷ್ಟು ಬೇಗ ಬಸಿಯುವುದಿಲ್ಲ. ಬುಡ ಮೊದಲೇ ಟೊಳ್ಳಾಗಿದ್ದರೆ ದಡ ಇಡಿಯಾಗಿ ಕಳಚಿ ಬೀಳುತ್ತದೆ.

ಬುಡ ಟೊಳ್ಳಾಗುವುದು ತಿರುವಿನಿಂದ. ಮೇಲ್ಪದರದ ರಭಸದ ನೀರು ತಿರುವಿನ ಹೊರದಡಕ್ಕೆ, ಅಂದರೆ ನಿಮ್ಮ ದಡಕ್ಕೆ, ಅಪ್ಪಳಿಸಿ, ಅಲ್ಲಿಂದ ತಳಕ್ಕಿಳಿದು, ಪಾತ್ರದ ಅಡಿಯಲ್ಲಿ ಎದುರು ದಡದತ್ತ ಹೊರಳುತ್ತದೆ. ಹೊಸೆದ ಹಗ್ಗದ ಎಳೆಗಳ ಹಾಗೆ ನೀರು ಸುತ್ತುತ್ತಲೇ ಮುಂದೆ ಸಾಗುತ್ತದೆ. ಹೊರದಡದ ಬುಡದಲ್ಲಿ ಮಡು ಬೀಳುತ್ತದೆ, ವೇಗ ತಗ್ಗುವ ಒಳದಡದಲ್ಲಿ ಮರಳು ಕೂರುತ್ತದೆ. ಆ ಮರಳು ನಿಮ್ಮ ತೋಟದ್ದೇ ಎಂದುಕೊಳ್ಳಬೇಡಿ. ಬಹುತೇಕ ಅದು ಮೇಲಿನ ತಿರುವುಗಳಿಂದ ಬಂದದ್ದು. ನಿಮ್ಮ ಮಣ್ಣು ಕೆಳಗಿನ ತಿರುವುಗಳಿಗೆ ಹೋಗಿದೆ. ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಸುಮಾರು 64 ಪಟ್ಟಾಗುತ್ತದೆ. ಹಾಗಾಗಿ ಹೊಳೆಯ ಕೊರೆತದ ಬಹುಪಾಲು ಮಳೆಗಾಲದ ಕೆಲವೇ ನೆರೆ ದಿನಗಳಲ್ಲಿ ನಡೆದುಹೋಗುತ್ತದೆ.

ಬರಿಯ ಕಲ್ಲುಗೋಡೆಯನ್ನು ನಾನು ಒಪ್ಪುವುದಿಲ್ಲ. ಅಡಿಪಾಯ ಮಡುವಿನ ತಳಕ್ಕಿಂತ ಕೆಳಗೆ ಹೋಗದಿದ್ದರೆ ಹೊಳೆ ಅದರ ಅಡಿಯನ್ನೇ ಕೊರೆಯುತ್ತದೆ. ಹಿಂದಿನ ನೀರು ಬಸಿಯಲು ದಾರಿಯಿಲ್ಲದಿದ್ದರೆ ಗೋಡೆ ಮಗುಚುತ್ತದೆ. ಗಟ್ಟಿಯಾಗಿ ನಿಂತರೆ ಆ ರಭಸ ಕೆಳಗಿನ ನೆರೆಯವರ ದಡವನ್ನು ತಿನ್ನುತ್ತದೆ. ಅದಕ್ಕಿಂತ ದಡವನ್ನು ಇಳಿಜಾರು ಮಾಡಿ, ಬುಡದಲ್ಲಿ ತಂತಿಬಲೆಯೊಳಗೆ ಕಲ್ಲು ತುಂಬಿಸಿಟ್ಟು, ಮೇಲೆ ಲಕ್ಕಿ, ಬಿದಿರು, ಹೊಂಗೆ, ಹೊಳೆಮತ್ತಿ ಬೆಳೆಸಿ. ಅಂಚಿನ ಒಂದೆರಡು ಸಾಲು ಕಾಫಿಯನ್ನು ಬಿಟ್ಟುಕೊಡಬೇಕಾಗುತ್ತದೆ. ಮನಸ್ಸಿಗೆ ಕಷ್ಟ, ಆದರೂ ಅದೇ ಸರಿ. ಕೆಲಸಕ್ಕೆ ಮೊದಲು ಎಂಜಿನಿಯರ್ ಒಬ್ಬರಿಗೆ ಜಾಗ ತೋರಿಸಿ, ಬೇಕಾದ ಅನುಮತಿ ಪಡೆಯಿರಿ. ಆಸುಪಾಸಿನಲ್ಲಿ ಮರಳು ತೆಗೆಯುತ್ತಿದ್ದರೆ ತಡೆಯಲು ಪಂಚಾಯಿತಿಯಲ್ಲಿ ದನಿ ಎತ್ತಿ. ಪಾತ್ರ ಆಳವಾದಷ್ಟೂ ದಡ ಕಡಿದಾಗುತ್ತದೆ, ಆಮೇಲೆ ಯಾವ ಬೇರೂ ಅದನ್ನು ಹಿಡಿಯಲಾರದು.

ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿ, ಹತ್ತಿರದ ಅರಬ್ಬಿ ಸಮುದ್ರ ಬಿಟ್ಟು ಪೂರ್ವಕ್ಕೆ ಹರಿಯುವುದೇಕೆ?
– ವಿದ್ಯಾರ್ಥಿನಿ, ಮೂಡಿಗೆರೆ

ಉತ್ತರ: ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟಿತು. ಹಾಗೆ ಒಡೆದ ಪಶ್ಚಿಮದ ಅಂಚು ಇಂದು ಘಟ್ಟಸಾಲಾಗಿ ಎತ್ತರವಾಗಿದ್ದು, ಪ್ರಸ್ಥಭೂಮಿ ಪೂರ್ವಕ್ಕೆ ಓರೆಯಾಗಿದೆ. ಹೇಮಾವತಿ ಹುಟ್ಟುವುದು ಈ ಅಂಚಿನ ಪೂರ್ವದ ಮಗ್ಗುಲಲ್ಲಿ. ಸುಮಾರು 245 ಕಿಲೋಮೀಟರ್ ನಿಧಾನವಾಗಿ ಇಳಿದು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಅದು ಕಾವೇರಿಯನ್ನು ಸೇರುತ್ತದೆ. ಅದರ ಕಣಿವೆ ಅಗಲವಾಗಿದ್ದು, ಅಲ್ಲಿ ಗದ್ದೆ ಮಾಡುವಷ್ಟು ಮೆಕ್ಕಲು ಮಣ್ಣು ಸಿಗುವುದೂ ಇದರಿಂದಲೇ.

ಅಂಚಿನ ಇನ್ನೊಂದು ಮಗ್ಗುಲಿನ ಕೆಂಪುಹೊಳೆಯನ್ನು ಶಿರಾಡಿ ಘಾಟಿ ಇಳಿಯುವಾಗ ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ಇಕ್ಕಟ್ಟಾದ ಕಣಿವೆ, ಉರುಳಿ ಬಂದು ನಿಂತ ದೊಡ್ಡ ಬಂಡೆಗಳು. ಕಡಿದಾಗಿ ಇಳಿಯುವ ಇಂಥ ಹೊಳೆಗಳು ಕೆಳಗೆ ಮಾತ್ರವಲ್ಲ, ತಮ್ಮ ಹುಟ್ಟಿನ ಕಡೆಗೂ ಕೊರೆಯುತ್ತಾ ಘಟ್ಟದ ಅಂಚನ್ನು ಅತಿ ನಿಧಾನವಾಗಿ ಪೂರ್ವಕ್ಕೆ ಸರಿಸುತ್ತವೆ. ಪೂರ್ವಕ್ಕೆ ಹರಿಯುವ ಕೆಲವು ತೊರೆಗಳ ತಲೆಭಾಗ ಮುಂದೆಂದಾದರೂ ಪಶ್ಚಿಮದ ಹೊಳೆಗಳ ಪಾಲಾಗಬಹುದು; ಲಕ್ಷಾಂತರ ವರ್ಷಗಳ ಲೆಕ್ಕ ಅದು.