ಬರೆಯೋಕೆ ಬರೋ ಪದ ಮಾತ್ರ

ಜಾಣರಾದರೂ ಓದು-ಬರಹಕ್ಕೆ ಕಷ್ಟಪಡುವ ಮಕ್ಕಳು ಸಲಹೆಗೆಂದು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಆದರೆ ಈ ಹುಡುಗನ ಒಂದು ಮಾತು ಮಾತ್ರ ತಲೆಯಿಂದ ಹೋಗುತ್ತಿಲ್ಲ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ವಯಸ್ಸು ಹತ್ತು. ಶಾಲೆಯ ದೂರು, "ಬಾಯಿ ಜೋರು, ಬರೆಯೋಕೆ ಸೋಮಾರಿ." ಬುದ್ಧಿಮತ್ತೆ ಪರೀಕ್ಷೆಯಲ್ಲಿ ಒಟ್ಟು ಅಂಕ 108. ಸರಾಸರಿಯೇ 100, ಹಾಗಾಗಿ ಎಲ್ಲರ ಹಾಗೇ ಒಬ್ಬ ಹುಡುಗ ಎಂದು ಫೈಲ್ ಮುಚ್ಚಿದ್ದರು. ಒಳಗಿನ ಪುಟದಲ್ಲಿ ಮಾತಿನ ತಿಳಿವಳಿಕೆ 136, ಕೆಲಸದ ವೇಗ 84! ಗುಡ್ಡ ಕಡಿದು ಹಳ್ಳಕ್ಕೆ ತುಂಬಿದ ಹಾಗಿತ್ತು ಆ 108. ಅವನಿಗಿದ್ದ ಡಿಸ್ಲೆಕ್ಸಿಯಾ, ಅಂದರೆ ಪದಗಳನ್ನು ಓದಲು, ಬರೆಯಲು ಆಗುವ ತೊಡಕು, ಇಷ್ಟು ವರ್ಷ ಕಣ್ಣಿಗೆ ಬೀಳದ್ದಕ್ಕೂ ಅವನ ಜಾಣತನವೇ ಕಾರಣ. ಓದಲಾಗದ ಪದವನ್ನು ಊಹಿಸಿಬಿಡುತ್ತಿದ್ದ.

ಮೂರನೇ ಭೇಟಿಯಲ್ಲಿ ಅವನ ವಿಜ್ಞಾನದ ನೋಟ್‌ಬುಕ್ ನೋಡಿದೆ. ಚಂದ್ರನ ಒಂದೇ ಮುಖ ನಮಗೆ ಕಾಣುವುದೇಕೆ ಎಂಬ ಪ್ರಶ್ನೆಗೆ "ಚಂದ್ರ ತಿರುಗುತ್ತದೆ" ಅಂತ ಬರೆದಿದ್ದ.

"ಇಷ್ಟೇನಾ?" ಅಂದೆ.

ಎದ್ದು ನಿಂತ. "ನೀವು ಭೂಮಿ, ಅಲ್ಲಾಡಬೇಡಿ." ನನ್ನ ಕಡೆಗೇ ಮುಖ ಮಾಡಿ ಕುರ್ಚಿಯನ್ನು ಒಂದು ಸುತ್ತು ಹಾಕಿದ. "ನಿಮ್ಮನ್ನ ಸುತ್ತೋಕೆ ಸುಮಾರು 27 ದಿನ. ಅಷ್ಟರಲ್ಲಿ ನಾನೂ ಒಂದು ಸಲ ತಿರುಗಿದ್ದೀನಿ, ನೋಡಿದ್ರಾ? ನಾನು ತಿರುಗದೇ ಇದ್ದಿದ್ರೆ ನಿಮಗೆ ನನ್ನ ಬೆನ್ನೂ ಕಾಣ್ತಿತ್ತು."

"ಇದನ್ನೇ ಬರೀಬಹುದಿತ್ತಲ್ವಾ?"

"ಗೊತ್ತಿರೋದನ್ನ ಬರಿಯಲ್ಲ ಮೇಡಂ. ತಪ್ಪಿಲ್ಲದೆ ಬರೆಯೋಕೆ ಬರೋ ಪದ ಮಾತ್ರ ಬರೀತೀನಿ."

ವಿಜ್ಞಾನ ಕ್ಲಬ್ ಬಿಡಿಸಿ ಆ ಹೊತ್ತಿನಲ್ಲಿ ಬರವಣಿಗೆ ತಿದ್ದಿಸುವುದು ಶಾಲೆಯ ಯೋಚನೆ. ಅಪ್ಪನೂ ಒಪ್ಪಿದ್ದರು. ನಾನು ಬೇಡವೇ ಬೇಡ ಅಂದೆ. ಯಾವ ಅಕ್ಷರಕ್ಕೆ ಯಾವ ಸದ್ದು ಎಂದು ಕಲಿಸುವ ಪಾಠ ದಿನಾ ನಡೆಯಲಿ, ಆದರೆ ಕ್ಲಬ್‌ನ ಹೊತ್ತು ಕಸಿದು ಅಲ್ಲ. ವಿಜ್ಞಾನದ ಉತ್ತರವನ್ನು ಬಾಯಲ್ಲಿ ಹೇಳಲಿ ಅಥವಾ ಟೈಪ್ ಮಾಡಲಿ. ಹೆಚ್ಚು ಸಮಯ ಕೊಡಿ, ಪ್ರಶ್ನೆ ಮಾತ್ರ ಸುಲಭ ಮಾಡಬೇಡಿ. ಸುಲಭ ಪ್ರಶ್ನೆ ಕೊಟ್ಟರೆ ಅವನು ಕಿಟಕಿಯಾಚೆ ನೋಡುತ್ತಾನೆ, ಆಮೇಲೆ ಗಮನ ಇಲ್ಲ ಅಂತ ಇನ್ನೊಂದು ದೂರು ಬರುತ್ತದೆ.

ಉಳಿದ ಮಕ್ಕಳಿಗೆ ಇದು ಅನ್ಯಾಯ ಅಲ್ವಾ ಎಂದು ಶಿಕ್ಷಕಿ ಕೇಳಿದರು. ಪರೀಕ್ಷೆ ಇರೋದು ಚಂದ್ರನ ಬಗ್ಗೆಯೋ ಕಾಗುಣಿತದ ಬಗ್ಗೆಯೋ ಎಂದು ನಾನೂ ಸ್ವಲ್ಪ ಖಾರವಾಗಿಯೇ ಕೇಳಿದೆ. ಅಷ್ಟು ಖಾರ ಬೇಕಿರಲಿಲ್ಲ. ಆದರೆ ಹಿಂದೊಮ್ಮೆ "ಮೊದಲು ಬರವಣಿಗೆ ಸರಿಯಾಗಲಿ, ಚೆಸ್ ಆಮೇಲೆ" ಎಂದು ಒಬ್ಬ ಹುಡುಗಿಯ ತಾಯಿಗೆ ಸಲಹೆ ಕೊಟ್ಟವಳು ನಾನೇ. ಬರವಣಿಗೆ ಒಂದಿಷ್ಟು ಸುಧಾರಿಸಿತು. ಅವಳು ಮತ್ತೆ ಚೆಸ್ ಮುಟ್ಟಲಿಲ್ಲ.

ಶಿಕ್ಷಕಿ ಅರ್ಧ ಒಪ್ಪಿದ್ದಾರೆ. ತರಗತಿಯ ಟೆಸ್ಟ್‌ಗೆ ಬಾಯಿಮಾತಿನ ಉತ್ತರ ಸರಿ, ವಾರ್ಷಿಕ ಪರೀಕ್ಷೆಗೆ ಆಗೋದಿಲ್ಲವಂತೆ. ಮುಂದಿನ ತಿಂಗಳು ಮತ್ತೆ ಮಾತಾಡುವುದಿದೆ.