ಮಷೀನಿಗೆ ಬೈಯುವ ಮುಂಚೆ ಮಣ್ಣು ತೂಗಿ ನೋಡಿ

ಪ್ರಶ್ನೆ: ಮನೆ ಕಟ್ಟಲು ನಮ್ಮ ಹೊಲದ ಕೆಮ್ಮಣ್ಣಿಗೇ ಸಿಮೆಂಟ್ ಬೆರೆಸಿ, ಬಾಡಿಗೆಗೆ ತಂದ ಕೈ ಮಷೀನಿನಲ್ಲಿ ಇಟ್ಟಿಗೆ ಒತ್ತಿಸುತ್ತಿದ್ದೇವೆ. ಬೆಳಿಗ್ಗೆ ಒತ್ತಿದ್ದು ಚೆನ್ನಾಗಿರುತ್ತದೆ, ಮಧ್ಯಾಹ್ನದ್ದು ಎತ್ತುವಾಗಲೇ ಮೂಲೆ ಉದುರುತ್ತದೆ. ಮಷೀನು ಸವೆದಿದೆಯೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಸವೆದಿದ್ದರೆ ಬೆಳಗಿನದೂ ಕೆಡಬೇಕಿತ್ತಲ್ಲ! ಇಡೀ ದಿನಕ್ಕೆ ಸಾಕಾಗುವಷ್ಟು ಮಣ್ಣನ್ನು ಬೆಳಿಗ್ಗೆಯೇ ಕಲಸಿಟ್ಟಿರುತ್ತೀರಿ ಎಂದು ನನ್ನ ಗುಮಾನಿ. ಬಿಸಿಲಿಗೆ ಅದರ ತೇವ ಆರುತ್ತದೆ, ಅಷ್ಟರಲ್ಲಿ ಸಿಮೆಂಟೂ ಬಿಗಿಯತೊಡಗುತ್ತದೆ. ಅರ್ಧ ಗಂಟೆಯಲ್ಲಿ ಒತ್ತಿ ಮುಗಿಸುವಷ್ಟನ್ನೇ ಒಮ್ಮೆಗೆ ಕಲಸಿ.

ಈ ಮಷೀನಿನ ಗುಣವನ್ನೂ ತಿಳಿದಿರಿ. ಹಿಡಿಕೆ ಎಳೆದಾಗ ಅಚ್ಚಿನ ತಳದ ತಟ್ಟೆ ಮೇಲೆದ್ದು ಮಣ್ಣನ್ನು ಮುಚ್ಚಳಕ್ಕೆ ಒತ್ತುತ್ತದೆ. ಅದು ಏಳುವ ದೂರ ಪ್ರತಿ ಸಲವೂ ಅಷ್ಟೇ. ಮಣ್ಣು ಕಡಿಮೆ ಬಿದ್ದರೂ ಇಟ್ಟಿಗೆಯ ಅಳತೆ ಸರಿಯಾಗಿಯೇ ಬರುತ್ತದೆ, ಒಳಗೆ ಮಾತ್ರ ಪೊಳ್ಳು. ಆದ್ದರಿಂದ ಬಾಂಡ್ಲಿ ಲೆಕ್ಕ ಬಿಟ್ಟು ತಕ್ಕಡಿ ಇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನದ ‘ಅಸ್ತ್ರ’ ವಿಭಾಗ ರೂಪಿಸಿದ ‘ಮರ್ದಿನಿ’ (ಮಣ್ಣನ್ನು ಮರ್ದಿಸುವವಳಿಗೆ ತಕ್ಕ ಹೆಸರೇ!) ಮಷೀನಿನಲ್ಲಿ ಬರುವ ಇಟ್ಟಿಗೆಯ ಒಂದು ಅಳತೆ 305×143×100 ಮಿಲಿಮೀಟರ್. ಅಷ್ಟು ದೊಡ್ಡ ಇಟ್ಟಿಗೆಗೆ ಸುಮಾರು ಎಂಟೂವರೆ ಕಿಲೋ ಹಸಿ ಮಣ್ಣು ಹಿಡಿಯಬೇಕು. ಸುರಿದ ಮೇಲೆ ನಾಲ್ಕೂ ಮೂಲೆಗೆ ಬೆರಳಿನಿಂದ ಅದುಮಿ ಮುಚ್ಚಳ ಹಾಕಿ. ಈ ಕೆಲಸವನ್ನು ಆಳುಗಳು ಬೇಗ ಮರೆಯುತ್ತಾರೆ, ನೀವು ಪಕ್ಕದಲ್ಲಿ ನಿಲ್ಲಬೇಕು.

ತೇವ ನೋಡಲು ಲ್ಯಾಬ್ ಬೇಡ. ಹಿಡಿಯಲ್ಲಿ ಉಂಡೆ ಕಟ್ಟಿ ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ಚೂರಾದರೆ ಹದ ಸರಿಯಾಗಿದೆ. ಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಕೂತರೆ ಹೆಚ್ಚಾಗಿದೆ.

ನೂರು ಕಿಲೋ ಒಣಮಣ್ಣಿಗೆ ಏಳೆಂಟು ಕಿಲೋ ಸಿಮೆಂಟ್ ಸಾಮಾನ್ಯ. ಮಣ್ಣು ಜಿಗುಟಾಗಿದ್ದರೆ ಸಿಮೆಂಟ್ ಏರಿಸಿ ದುಡ್ಡು ಸುರಿಯಬೇಡಿ, ಮರಳನ್ನೋ ಕಲ್ಲುಪುಡಿಯನ್ನೋ ಬೆರೆಸಿ. ಎರೆಮಣ್ಣಾದರೆ ಈ ಬಗೆಯಲ್ಲಿ ಒತ್ತುವ ಆಸೆಯನ್ನೇ ಬಿಡಿ, ಅದು ನೆನೆದಾಗ ಉಬ್ಬುತ್ತದೆ.

ಸುಡುವ ಇಟ್ಟಿಗೆಯಲ್ಲವಾದ್ದರಿಂದ ಬಿಸಿಲಿಗೆ ಒಣಗಿಸುವುದು ತಪ್ಪು. ನೆರಳಲ್ಲಿ ಜೋಡಿಸಿ, ಹುಲ್ಲನ್ನೋ ಗೋಣಿಚೀಲವನ್ನೋ ಹೊದಿಸಿ, ಮೂರು ನಾಲ್ಕು ವಾರ ನೀರು ಚಿಮುಕಿಸುತ್ತಿರಿ.

ಮೂಲೆ ಉದುರಿದವನ್ನು ಪುಡಿಮಾಡಿ ಮತ್ತೆ ಅಚ್ಚಿಗೆ ಹಾಕಿಸಬೇಡಿ. ಅದರ ಸಿಮೆಂಟ್ ಆಗಲೇ ಸತ್ತಿರುತ್ತದೆ. ಅಂಗಳದ ತಗ್ಗು ತುಂಬಲು ಆದೀತು.